ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಕಡಲಾಮೆ ನೋಡಲು ಹೊರಟವರಿಗೆ: ಮೊದಲ ಫೋನ್‌ನಿಂದ ಮರಳಿನ ಮೇಲಿನ ರಾತ್ರಿಯವರೆಗೆ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಎಷ್ಟೋ ಕುಟುಂಬಗಳು ರಜೆಗೆ ಗೋಕರ್ಣ, ಮುರುಡೇಶ್ವರ, ಕಾರವಾರಕ್ಕೆ ಹೋಗಿ ಬರುತ್ತವೆ. ಮಕ್ಕಳಿಗೆ ಕಡಲಾಮೆ ತೋರಿಸುತ್ತೇವೆ ಅಂತ ಮಾತು ಕೊಟ್ಟು ಹೋದವರಲ್ಲಿ ಜಾಸ್ತಿ ಜನ ಬರೀ ಅಲೆ ನೋಡಿ ವಾಪಸ್ ಬರುತ್ತಾರೆ. ಅದೃಷ್ಟ ಇರಲಿಲ್ಲ ಅಂದುಕೊಳ್ಳುತ್ತಾರೆ. ನಿಜವಾಗಿ ಕೆಲಸದ ಕ್ರಮವೇ ತಪ್ಪಿರುತ್ತದೆ. ಮೊದಲು ರೂಮ್ ಬುಕ್ ಆಗುತ್ತದೆ, ಆಮೇಲೆ ಆಫೀಸಿಗೆ ರಜೆ ಹಾಕುತ್ತಾರೆ, ತೀರಕ್ಕೆ ಹೋಗಿ ನಿಂತ ಮೇಲೆ "ಇಲ್ಲಿ ಆಮೆ ಎಲ್ಲಿ ಬರ್ತಾವೆ?" ಅಂತ ಕೇಳುತ್ತಾರೆ. ಮೊದಲು ತಿಂಗಳು, ಆಮೇಲೆ ತೀರ, ಆಮೇಲೆ ಅಲ್ಲಿನ ಜನರ ಜೊತೆ ಮಾತು, ಕೊನೆಗೆ ರೂಮ್. ಕ್ರಮ ಹೀಗಿರಬೇಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕೆಲವರಿಗೆ ಆಮೆ ಕಾಣಸಿಗುತ್ತದೆ. ಕಂಡ ಕೂಡಲೇ ಜನ ಟಾರ್ಚ್ ಹಿಡಿದು ಓಡುತ್ತಾರೆ. ಅದು ಮೊಟ್ಟೆ ಇಡದೆ ಸಮುದ್ರಕ್ಕೆ ತಿರುಗಿಬಿಡುತ್ತದೆ. ಹಾಗಾಗಬಾರದು ಅಂತಲೇ 6 ಮತ್ತು 7ನೇ ಹಂತಗಳನ್ನು ಉದ್ದಕ್ಕೆ ಬರೆದಿದ್ದೇನೆ. ಅವೆರಡನ್ನು ಹೊರಡುವ ಮೊದಲು ಮನೆಯವರೆಲ್ಲ ಓದಬೇಕು.

## ಹಂತ 1: ಏನು ನೋಡಬೇಕು ಅಂತ ತೀರ್ಮಾನಿಸಿ, ತಿಂಗಳು ಹಿಡಿಯಿರಿ

ಕಡಲಾಮೆ ನೋಡುವುದು ಅಂದರೆ ಮೂರು ಬೇರೆ ಬೇರೆ ಸಂಗತಿ. ತಾಯಿ ಆಮೆ ರಾತ್ರಿ ಮರಳಿಗೆ ಬಂದು ಮೊಟ್ಟೆ ಇಡುವುದು. ಮರಿಗಳು ಗೂಡಿನಿಂದ ಎದ್ದು ಸಮುದ್ರಕ್ಕೆ ಹೋಗುವುದು. ಹಗಲಲ್ಲಿ ನೀರಿನೊಳಗೆ ಈಜುವ ಆಮೆ. ಮೂರಕ್ಕೂ ಕಾಲ ಬೇರೆ, ಜಾಗ ಬೇರೆ.

ನಮ್ಮ ಕರಾವಳಿಯ ಮರಳಿಗೆ ಬರುವುದು ಬಹುತೇಕ ಆಲಿವ್ ರಿಡ್ಲಿ ಜಾತಿ. ಚಿಪ್ಪು ಎರಡು ಅಡಿಗಿಂತ ಸ್ವಲ್ಪ ಉದ್ದ, ತೂಕ ಸುಮಾರು 35ರಿಂದ 45 ಕಿಲೋ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬರುತ್ತವೆ, ಜನವರಿ ಮತ್ತು ಫೆಬ್ರವರಿಯಲ್ಲಿ ಜಾಸ್ತಿ. ಮೊಟ್ಟೆ ಇಟ್ಟ 45ರಿಂದ 60 ದಿನಕ್ಕೆ ಮರಿ ಹೊರಬರುತ್ತವೆ.

ಇದನ್ನು ನಮ್ಮ ರಜೆಗಳಿಗೆ ಹೊಂದಿಸಿ. ದಸರಾ ರಜೆಗೆ ಹೋದರೆ ಆಮೆ ಇನ್ನೂ ಬಂದಿರುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಶುರುವಾಗಿರುತ್ತದೆ, ಆದರೆ ವಿರಳ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ತಾಯಿ ಆಮೆಗೆ ಒಳ್ಳೆಯ ಕಾಲ. ಶಿವರಾತ್ರಿಯಿಂದ ಯುಗಾದಿವರೆಗೆ ಮರಿಗಳ ಕಾಲ. ಮಕ್ಕಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರಕ್ಕೆ. ಆಗ ಕೊನೆಯ ಕೆಲವು ಗೂಡುಗಳು ಉಳಿದಿರಬಹುದು, ಅಷ್ಟೇ. ಮೇ ತಿಂಗಳಲ್ಲಿ ಆಮೆಗೋಸ್ಕರ ಹೋಗಬೇಡಿ.

ಮಕ್ಕಳಿದ್ದರೆ ಮರಿಗಳನ್ನೇ ಆರಿಸಿ ಅಂತ ನನ್ನ ಸಲಹೆ. ಗೂಡು ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತದೆ, ದಿನ ಹೆಚ್ಚುಕಮ್ಮಿ ಲೆಕ್ಕಕ್ಕೆ ಸಿಗುತ್ತದೆ, ನಡುರಾತ್ರಿ ಮೈಲಿಗಟ್ಟಲೆ ನಡೆಯಬೇಕಿಲ್ಲ.

ಒಂದು ತಪ್ಪು ನಿರೀಕ್ಷೆ ಇಲ್ಲಿಯೇ ಬಿಡಿ. ಮೊಬೈಲ್‌ನಲ್ಲಿ ಓಡಾಡುವ, ಸಾವಿರಾರು ಆಮೆ ಒಟ್ಟಿಗೆ ದಡಕ್ಕೆ ಬರುವ ವಿಡಿಯೋಗಳು ಒಡಿಶಾದ ಗಹಿರ್‌ಮಠ, ಋಷಿಕುಲ್ಯ ತೀರದವು. ಕರ್ನಾಟಕದಲ್ಲಿ ಆಮೆ ಒಂಟಿಯಾಗಿ ಬರುತ್ತದೆ.

## ಹಂತ 2: ತೀರ ಆರಿಸಿ

ಹೊನ್ನಾವರದ ಸುತ್ತ ಕಾಸರಕೋಡಿನ ಟೊಂಕ, ಅಪ್ಸರಕೊಂಡ, ಮುಗಳಿ. ಕಾರವಾರದ ಕಡೆ ದೇವಬಾಗ, ಮಾಜಾಳಿ. ಕುಂದಾಪುರದ ಕೋಡಿ. ಇವೆಲ್ಲ ಆಮೆ ಮೊಟ್ಟೆ ಇಡುವ ತೀರಗಳು. 2024ರಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆಯೂ ಗೂಡುಗಳು ಸಿಕ್ಕವು. ರೈಲಿನಲ್ಲೇ ಹೋಗುವವರಿಗೆ ಗೋವಾ ಕೂಡ ಆಗುತ್ತದೆ. ಅಲ್ಲಿ ಮೊರ್ಜಿಮ್, ಮಾಂದ್ರೆ, ಅಗೋಂಡಾ, ಗಾಲ್ಜಿಬಾಗ್ ತೀರಗಳಲ್ಲಿ ಅರಣ್ಯ ಇಲಾಖೆ ಗೂಡು ಕಾಯುತ್ತದೆ.

ನಮ್ಮ ಕಡೆಯವರಿಗೆ ನಾನು ಹೇಳುವುದು ಹೊನ್ನಾವರ. ಹತ್ತು-ಹದಿನೈದು ಕಿಲೋಮೀಟರ್ ಒಳಗೇ ಹಲವು ತೀರಗಳಿವೆ. ಹಗಲು ಮಕ್ಕಳ ಆಟಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ) ಮಾನ್ಯತೆ ಸಿಕ್ಕ ಕಾಸರಕೋಡು ಇಕೋ ಬೀಚ್ ಇದೆ. ರಾತ್ರಿಗೆ ಮಾತ್ರ ದೀಪವಿಲ್ಲದ ತೀರವೇ ಬೇಕು.

ಎಚ್ಚರಿಕೆಯ ಗುರುತು: ಸಾಲು ಹೋಟೆಲ್ ದೀಪ, ಜೋರು ಹಾಡು, ಮರಳಿನ ಮೇಲೆ ಓಡುವ ಜೀಪು, ಅಲೆ ತಡೆಯಲು ಹಾಕಿದ ಕಲ್ಲಿನ ಗೋಡೆ. ಇವುಗಳಲ್ಲಿ ಒಂದಿದ್ದರೂ ಆ ತೀರದ ಆಸೆ ಬಿಡಿ. ಕಲ್ಲಿನ ಗೋಡೆ ಇದ್ದರೆ ಆಮೆಗೆ ಮೇಲೆ ಹತ್ತಲು ಒಣ ಮರಳೇ ಸಿಗುವುದಿಲ್ಲ.

## ಹಂತ 3: ರೂಮಿಗೂ ಮೊದಲು ಫೋನ್ ಮಾಡಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಆ ತೀರ ಯಾವ ವಲಯ ಅರಣ್ಯ ಕಚೇರಿಗೆ ಬರುತ್ತದೆ ಅಂತ ತಿಳಿದುಕೊಂಡು ಅಲ್ಲಿಗೆ ಫೋನ್ ಮಾಡಿ. ಉತ್ತರ ಕನ್ನಡದಲ್ಲಿ ಹೊನ್ನಾವರ ಮತ್ತು ಕಾರವಾರ ಎರಡು ಬೇರೆ ಅರಣ್ಯ ವಿಭಾಗಗಳು. ನಂಬರ್ ಸಿಗದಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಕೇಳಿ.

ಸುಮ್ನೆ "ಆಮೆ ಇದಾವಾ ಸರ್?" ಅಂತ ಕೇಳಿದರೆ ಸುಮ್ಮನೆ ಒಂದು ಉತ್ತರ ಸಿಗುತ್ತದೆ. ಹೀಗೆ ಕೇಳಿ:

"ನಮಸ್ಕಾರ ಸರ್, ನಾವು ಕೊಪ್ಪಳದಿಂದ ಮಾತಾಡ್ತಿರೋದು. ಮನೆಯವರು ನಾಲ್ಕು ಜನ, ಇಬ್ಬರು ಮಕ್ಕಳು. ಈಗ ನೀವು ಕಾಯ್ತಿರೋ ಗೂಡುಗಳಲ್ಲಿ ಮೊದಲನೇದು ಯಾವ ತಾರೀಖಿಂದು? ಮರಿ ಬಿಡೋ ದಿನ ಹೊರಗಿನವರು ಬಂದು ನೋಡಬಹುದಾ? ರಾತ್ರಿ ಗಸ್ತಿಗೆ ಹೋಗೋರ ಜೊತೆ ನಾವು ಬರಬಹುದಾ, ಅದಕ್ಕೆ ಯಾರ ಅನುಮತಿ ಬೇಕು?"

ಗೂಡಿನ ತಾರೀಖು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅದಕ್ಕೆ 45 ಸೇರಿಸಿ. ಆ ದಿನದಿಂದ ಮುಂದಿನ ಎರಡು ವಾರದೊಳಗೆ ಮರಿ ಬರುವ ಸಾಧ್ಯತೆ ಇದೆ. ಜನವರಿ 20ರ ಗೂಡಾದರೆ ಮಾರ್ಚ್ 6ರಿಂದ ಕಾಯಬೇಕು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ.

ರಾತ್ರಿ ತೀರಕ್ಕೆ ಬರಬೇಡಿ ಅಂದರೆ ಅಲ್ಲಿಗೆ ಬಿಡಿ, ಒತ್ತಾಯ ಮಾಡಬೇಡಿ. ಮರಿ ಬಿಡುವುದನ್ನು ನೋಡಲು ಕೇಳಿಕೊಳ್ಳಿ.

ಎಚ್ಚರಿಕೆಯ ಗುರುತು: "ಗ್ಯಾರಂಟಿ ತೋರಿಸ್ತೀನಿ, ಕೈಯಲ್ಲಿ ಹಿಡಿಸ್ತೀನಿ, ಮರಿ ಜೊತೆ ಫೋಟೋ ತೆಗೆಸ್ತೀನಿ" ಅಂತ ದುಡ್ಡು ಕೇಳುವವರು. ಅವರ ಜೊತೆ ಹೋಗಬೇಡಿ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಮರಿ ಹಿಡಿಯುವುದು, ಮೊಟ್ಟೆ ತೆಗೆಯುವುದು ಜೈಲಿಗೆ ಹೋಗುವ ಅಪರಾಧ.

## ಹಂತ 4: ದಾರಿ ಮತ್ತು ರೂಮ್

ರಸ್ತೆಯಲ್ಲಿ ಹೋಗುವವರು ರಾಷ್ಟ್ರೀಯ ಹೆದ್ದಾರಿ 67 ಹಿಡಿದು ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಬನ್ನಿ. ಅಲ್ಲಿಂದ ಹೆದ್ದಾರಿ 52ರಲ್ಲಿ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಆಮೇಲೆ ಹೆದ್ದಾರಿ 66ರಲ್ಲಿ ಬಲಕ್ಕೆ ಕಾರವಾರ, ಎಡಕ್ಕೆ ಕುಮಟಾ, ಹೊನ್ನಾವರ. ರಾಯಚೂರಿನವರು ಸಿಂಧನೂರು, ಗಂಗಾವತಿ ಮೇಲೆ ಬಂದು ಕೊಪ್ಪಳದ ಹತ್ತಿರ ಇದೇ ದಾರಿ ಸೇರಬಹುದು. ಬಳ್ಳಾರಿಯಿಂದ ಹೊನ್ನಾವರಕ್ಕೆ ಹತ್ತಿರ ಹತ್ತಿರ 400 ಕಿಲೋಮೀಟರ್. ಘಟ್ಟವನ್ನು ಹಗಲಲ್ಲೇ ಇಳಿಯಿರಿ.

ರೈಲಿನವರಿಗೆ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ. ಅದು ಪ್ರತಿದಿನ ಓಡುವುದಿಲ್ಲ, ದಿನ ನೋಡಿಕೊಳ್ಳಿ. ಮಡಗಾಂವ್‌ನಲ್ಲಿ ಇಳಿದು ಕೊಂಕಣ ರೈಲು ಹಿಡಿದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಎಲ್ಲಾ ಕಡೆ ನಿಲ್ದಾಣಗಳಿವೆ.

ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ಒಂದೇ ರಾತ್ರಿಗೆ ಹೋಗುವುದು ಈ ಕೆಲಸಕ್ಕೆ ಸಾಲುವುದಿಲ್ಲ. ಮೊದಲ ರಾತ್ರಿ ಪ್ರಯಾಣದ ದಣಿವಿನಲ್ಲೇ ಕಳೆಯುತ್ತದೆ. ರೂಮ್ ತೀರದಿಂದ ಸ್ವಲ್ಪ ದೂರ ಇದ್ದರೂ ಪರವಾಗಿಲ್ಲ. ಸಮುದ್ರದ ಕಡೆ ಮುಖ ಮಾಡಿದ ರೂಮ್ ಸಿಕ್ಕರೆ ರಾತ್ರಿ ಪರದೆ ಎಳೆದು, ಬಾಲ್ಕನಿ ದೀಪ ಆರಿಸಿ.

## ಹಂತ 5: ಚೀಲಕ್ಕೆ ಏನು ಹಾಕಬೇಕು

ಕೆಂಪು ಬೆಳಕಿನ ಟಾರ್ಚ್ ಮೊದಲನೆಯದು. ಕೆಂಪು ಬೆಳಕು ಆಮೆಯ ಕಣ್ಣಿಗೆ ಕಡಿಮೆ ಕುಕ್ಕುತ್ತದೆ. ಅಂಥ ಟಾರ್ಚ್ ಇಲ್ಲದಿದ್ದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ತೆಳು ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಎರಡು ಮೂರು ಪದರ ಮಾಡಿ, ಚಿಕ್ಕ ಟಾರ್ಚಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಿರಿ. ಕತ್ತಲೆ ಕೋಣೆಯಲ್ಲಿ ಗೋಡೆಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಬೆಳಕು ಸೋರಬಾರದು. ಮನೆಯವರಿಗೆಲ್ಲ ಸೇರಿ ಒಂದೇ ಟಾರ್ಚ್ ಸಾಕು.

ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ, ಜನವರಿಯಲ್ಲಾದರೆ ಒಂದು ಸ್ವೆಟರ್, ಮೆತ್ತನೆಯ ಚಪ್ಪಲಿ, ನೀರು. ನಮ್ಮ ಬಿಸಿಲಿಗೆ ಒಗ್ಗಿದವರಿಗೆ ರಾತ್ರಿಯ ಕಡಲ ಗಾಳಿ ಚಳಿ ಹಿಡಿಸುತ್ತದೆ. ಖಡಕ್ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡಿದ್ದರೆ ಗಾಡಿಯಲ್ಲೇ ತಿಂದು ಇಳಿಯಿರಿ. ತೀರದಲ್ಲಿ ಬಿದ್ದ ಊಟಕ್ಕೆ ನಾಯಿ, ಕಾಗೆ ಬರುತ್ತವೆ. ಗೂಡು ಅಗೆಯುವುದೂ ಅವೇ.

ಇನ್ನೊಂದು ತಯಾರಿ ಚೀಲಕ್ಕೆ ಸೇರುವುದಲ್ಲ: ಮಾತಿಲ್ಲದೆ ಕೂರುವ ಅಭ್ಯಾಸ. ಹೊರಡುವ ಮೊದಲು ಒಂದು ಸಂಜೆ ಮಕ್ಕಳನ್ನು ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ವೀಕ್ಷಣಾ ಗೋಪುರದ ಮೇಲೆ ಒಂದು ಗಂಟೆ ಪಿಸುಮಾತಿನಲ್ಲೇ ಇರಲು ಆಗುತ್ತದಾ ನೋಡಿ. ಅಲ್ಲಿ ಕೂತ ಮಗು ಟೊಂಕದಲ್ಲೂ ಕೂರುತ್ತದೆ. ಆಗದಿದ್ದರೆ ಈ ವರ್ಷ ಮರಿ ಬಿಡುವುದನ್ನಷ್ಟೇ ತೋರಿಸಿ.

## ಹಂತ 6: ರಾತ್ರಿ ತೀರದಲ್ಲಿ ನಡೆಯುವುದು

ಹಗಲಲ್ಲೇ ಒಮ್ಮೆ ಆ ತೀರ ನಡೆದು ನೋಡಿ. ಉಬ್ಬರದ ನೀರು ಎಲ್ಲಿವರೆಗೆ ಬಂದಿತ್ತು ಅಂತ ಒದ್ದೆ ಕಸದ ಗೆರೆ ಹೇಳುತ್ತದೆ. ಆಮೆ ಆ ಗೆರೆ ದಾಟಿ, ಮೇಲಿನ ಒಣ ಮರಳಿಗೆ ಹೋಗಿ ಗೂಡು ತೋಡುತ್ತದೆ. ನೀವು ನಡೆಯಬೇಕಾದದ್ದು ಗೆರೆಯ ಕೆಳಗೆ, ಗಟ್ಟಿ ಒದ್ದೆ ಮರಳಿನಲ್ಲಿ. ಮೇಲೆ ನಡೆದರೆ ಕಣ್ಣಿಗೆ ಕಾಣದ ಗೂಡು ತುಳಿಯಬಹುದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ಬರುವುದಿಲ್ಲ, ಅಲ್ಲಿನ ಮೀನುಗಾರರನ್ನು ಕೇಳಿ.

ಗಸ್ತಿನವರು ಮುಂದೆ, ನೀವು ಹಿಂದೆ. ಟಾರ್ಚ್ ಆರಿಸಿ ಹತ್ತು ಹದಿನೈದು ನಿಮಿಷ ನಿಂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ನಕ್ಷತ್ರದ ಬೆಳಕಿನಲ್ಲೇ ನಡೆಯಬಹುದು. ಮೊಬೈಲ್ ಜೇಬಿನಲ್ಲಿ, ಸೈಲೆಂಟ್‌ನಲ್ಲಿ ಇರಲಿ. ಪರದೆಯ ಬೆಳಕೂ ಬೆಳಕೇ. ಸಿಗರೇಟು ಬೇಡ, ಬೆಂಕಿ ಹಾಕುವುದಂತೂ ಬೇಡವೇ ಬೇಡ. ಕಾರನ್ನು ಸಮುದ್ರದ ಕಡೆ ಹೆಡ್‌ಲೈಟ್ ಬೀಳದಂತೆ ನಿಲ್ಲಿಸಿ.

ನೀರಿಗೆ ಇಳಿಯಬೇಡಿ. ತುಂಗಭದ್ರೆಯಲ್ಲಿ ಈಜು ಕಲಿತವರಿಗೆ ಧೈರ್ಯ ಜಾಸ್ತಿ ಇರುತ್ತದೆ. ಆದರೆ ದಡದಿಂದ ಒಳಗೆ ಎಳೆಯುವ ಕಡಲ ಸೆಳೆತ ನದಿಯ ಹರಿವಿನ ಹಾಗಲ್ಲ, ರಾತ್ರಿ ಅದು ಕಾಣುವುದೂ ಇಲ್ಲ.

## ಹಂತ 7: ಆಮೆ ಬಂದಾಗ ಏನು ಮಾಡಬೇಕು

ತಾಯಿ ಆಮೆಯ ಕೆಲಸಕ್ಕೂ ಒಂದು ಕ್ರಮ ಇದೆ. ಒಟ್ಟು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅದು ಯಾವ ಹಂತದಲ್ಲಿದೆ ಅಂತ ತಿಳಿದರೆ ನೀವು ಯಾವಾಗ ನಿಲ್ಲಬೇಕು, ಯಾವಾಗ ಹತ್ತಿರ ಹೋಗಬಹುದು ಅಂತ ಗೊತ್ತಾಗುತ್ತದೆ.

ನೀರಿನಿಂದ ಏಳುವಾಗ: ಅಲೆಯ ಅಂಚಿನಲ್ಲಿ ಒಂದು ಕಪ್ಪು ಗುಂಡುಕಲ್ಲು ಇದ್ದ ಹಾಗೆ ಕಾಣುತ್ತದೆ, ಆಮೇಲೆ ಅದು ಚಲಿಸುತ್ತದೆ. ಇದ್ದಲ್ಲೇ ಕುಳಿತುಬಿಡಿ. ಟಾರ್ಚ್, ಮಾತು, ಓಡಾಟ ಯಾವುದೂ ಬೇಡ. ಆಮೆ ತುಂಬಾ ಹೆದರುವ ಹೊತ್ತು ಇದೇ. ಜಾಸ್ತಿ ಆಮೆಗಳು ವಾಪಸ್ ಹೋಗುವುದೂ ಇಲ್ಲಿಂದಲೇ. ಈ ಹೊತ್ತಿನಲ್ಲಿ ಕೆಲವರು "ಪಾಪ, ದಾರಿ ತಪ್ಪಿ ದಡಕ್ಕೆ ಬಂದಿದೆ" ಅಂತ ಅದನ್ನು ಎತ್ತಿ ಸಮುದ್ರಕ್ಕೆ ತಳ್ಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಹೊಟ್ಟೆತುಂಬ ಮೊಟ್ಟೆ ಹೊತ್ತು ಬಂದ ತಾಯಿಯನ್ನು ಓಡಿಸಿದ ಹಾಗಾಗುತ್ತದೆ. ರಾತ್ರಿ ತಾನಾಗಿ ದಡ ಹತ್ತುವ ಆಮೆ ದಾರಿ ತಪ್ಪಿದ್ದಲ್ಲ.

ಜಾಗ ಹುಡುಕಿ ತೋಡುವಾಗ: ಮೇಲೆ ಹೋಗಿ, ಮೈ ಆಡಿಸಿ ಮರಳು ಸರಿಸಿ, ಹಿಂಗಾಲುಗಳಿಂದ ಗುಂಡಿ ತೋಡುತ್ತದೆ. ಒಂದು ಕಾಲು ಸೌಟಿನ ಹಾಗೆ ಮರಳು ಮೊಗೆದು ಹೊರಗೆ ಹಾಕಿದರೆ, ಇನ್ನೊಂದು ಕಾಲು ತನ್ನ ಸರದಿಗೆ ಕಾಯುತ್ತದೆ. ಒಂದೂವರೆ ಅಡಿ ಆಳ ಆಗುವವರೆಗೆ ಇದೇ ನಡೆಯುತ್ತದೆ. ನೀವು ಇನ್ನೂ ದೂರದಲ್ಲೇ ಇರಬೇಕು. ಮರಳು ಹಾರುವುದು ಕಂಡ ಕೂಡಲೇ ಮೊಟ್ಟೆ ಶುರುವಾಯಿತು ಅಂದುಕೊಂಡು ಹತ್ತಿರ ಹೋಗುವುದು ಎರಡನೇ ದೊಡ್ಡ ತಪ್ಪು.

ಎಚ್ಚರಿಕೆಯ ಗುರುತು: ಆಮೆ ತಲೆ ಎತ್ತಿ ನಿಂತಿತು, ತೋಡುವುದನ್ನು ನಿಲ್ಲಿಸಿತು, ನೀರಿನ ಕಡೆ ತಿರುಗಿತು. ಇವುಗಳಲ್ಲಿ ಯಾವುದು ಕಂಡರೂ ನೀವು ಜಾಸ್ತಿ ಹತ್ತಿರ ಇದ್ದೀರಿ ಅಂತ ಅರ್ಥ. ಎದ್ದು ಓಡಬೇಡಿ. ಕುಳಿತಲ್ಲಿಂದಲೇ ಮೆಲ್ಲಗೆ ಹಿಂದೆ ಸರಿಯಿರಿ.

ಮೊಟ್ಟೆ ಇಡುವಾಗ: ಹಿಂಗಾಲುಗಳ ಓಡಾಟ ನಿಂತು ಮೈ ಸ್ತಬ್ಧವಾಗುತ್ತದೆ. ಈಗ ಆಮೆ ಸುಲಭಕ್ಕೆ ಬೆದರುವುದಿಲ್ಲ. ಗಸ್ತಿನವರು ಕೈ ಮಾಡಿದ ಮೇಲೆ, ಬಾಲದ ಕಡೆಯಿಂದ, ಬಗ್ಗಿಕೊಂಡು ಹೋಗಿ. ಒಮ್ಮೆಗೆ ನಾಲ್ಕೈದು ಜನ, ಕೆಲವೇ ನಿಮಿಷ, ಆಮೇಲೆ ಬೇರೆಯವರಿಗೆ ಜಾಗ ಬಿಡಿ. ಕೆಂಪು ಬೆಳಕು ಗೂಡಿನ ಕಡೆ ಮಾತ್ರ ಬೀಳಲಿ, ಕಣ್ಣಿನ ಕಡೆ ಬೇಡ. ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಬಿಳಿ ಮೊಟ್ಟೆ ಎರಡು ಮೂರು ಒಟ್ಟಿಗೆ ಬೀಳುತ್ತವೆ. ಒಂದು ಗೂಡಿಗೆ ನೂರರ ಆಸುಪಾಸು. ಚಿಪ್ಪು ಮುಟ್ಟಬೇಡಿ. ಫ್ಲ್ಯಾಶ್ ಬೇಡ. ಫೋಟೋ ಬರುವುದಿಲ್ಲ ಅಂದರೆ ಕಣ್ಣಾರೆ ನೋಡಿ, ಸಾಕು.

ಮಕ್ಕಳು "ಅಮ್ಮಾ, ಅದು ಅಳ್ತಿದೆ" ಅನ್ನುತ್ತಾರೆ. ಕಣ್ಣಿನ ಹತ್ತಿರ ಇರುವ ಗ್ರಂಥಿ ಮೈಯ ಹೆಚ್ಚಿನ ಉಪ್ಪನ್ನು ಹೀಗೆ ಹೊರಹಾಕುತ್ತದೆ. ನೀರಿನಲ್ಲಿದ್ದಾಗಲೂ ಅದು ನಡೆಯುತ್ತಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

ಮುಚ್ಚುವಾಗ: ಮೊಟ್ಟೆ ಮುಗಿದ ಕೂಡಲೇ ಹಿಂದೆ ಸರಿಯಿರಿ. ಆಮೆ ಮರಳು ಎಳೆದು ಮುಚ್ಚಿ, ಮೈಯನ್ನು ಎಡಕ್ಕೆ ಬಲಕ್ಕೆ ವಾಲಿಸಿ ಹೊಟ್ಟೆಯ ಚಿಪ್ಪಿನಿಂದ ದಬ್ ದಬ್ ಅಂತ ಮರಳು ಕುಟ್ಟುತ್ತದೆ. ಆಲಿವ್ ರಿಡ್ಲಿಯ ವಿಶೇಷ ಇದು. ಕತ್ತಲೆಯಲ್ಲಿ ಆ ಸದ್ದು ಕೇಳಿದರೆ ಮರೆಯುವುದಿಲ್ಲ.

ವಾಪಸ್ ಹೋಗುವಾಗ: ಆಮೆಗೂ ಸಮುದ್ರಕ್ಕೂ ನಡುವೆ ಯಾರೂ ನಿಲ್ಲಬಾರದು. ಮುಂದೆ ಓಡಿ ಫೋಟೋಗೆ ಕಾಯುವವರು ಇಲ್ಲಿಯೇ ಜಾಸ್ತಿ. ಎಲ್ಲರೂ ಅದರ ಹಿಂದೆಯೇ ಇರಿ.

ಗೂಡು ಸ್ಥಳಾಂತರ ಮಾಡಬೇಕಾದರೆ ಗಸ್ತಿನವರೇ ಮಾಡುತ್ತಾರೆ. ಮೊಟ್ಟೆ ಇಟ್ಟ ಕೆಲವೇ ಗಂಟೆಯೊಳಗೆ ಅದು ಆಗಬೇಕು. ಆಮೇಲೆ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಮೊಟ್ಟೆ ಹೊರಳಿದರೆ ಸಾಯುತ್ತದೆ. ಸಹಾಯಕ್ಕೆ ಅಂತಲೂ ಕೈ ಹಾಕಬೇಡಿ.

## ಹಂತ 8: ಏನೂ ಸಿಗದಿದ್ದರೆ ಬೆಳಗ್ಗೆ ಎದ್ದು ಹೆಜ್ಜೆ ನೋಡಿ

ಸೂರ್ಯ ಹುಟ್ಟುವ ಮೊದಲೇ ತೀರಕ್ಕೆ ಹೋಗಿ. ಎರಡೂವರೆ ಅಡಿಯಷ್ಟು ಅಗಲದ, ಎಡ ಬಲ ಕಾಲು ಒಂದಾದ ಮೇಲೊಂದು ಬಿದ್ದ ಗುರುತು ನೀರಿನಿಂದ ಮೇಲೆ ಹೋಗಿ ಮತ್ತೆ ನೀರಿಗೆ ಬಂದಿದ್ದರೆ ರಾತ್ರಿ ಆಮೆ ಬಂದಿತ್ತು. ಮೇಲ್ತುದಿಯಲ್ಲಿ ಮರಳು ಕೆದರಿ, ಅಲ್ಲೇ ಒಂದು ಕಡೆ ಬಡಿದು ಸಪಾಟು ಮಾಡಿದ್ದರೆ ಗೂಡು ಇರಬಹುದು. ಕೆದರಿದ್ದೇ ಕಾಣದೆ ಗುರುತು ಸುಮ್ಮನೆ ತಿರುಗಿದ್ದರೆ ಏನೋ ಬೆದರಿಸಿರಬಹುದು. ಕೋಲಿನಿಂದ ಚುಚ್ಚಿ ನೋಡಬೇಡಿ. ಗಸ್ತಿನವರಿಗೆ ಹೇಳಿ. ಅವರು ಇನ್ನೂ ನೋಡಿರದ ಗೂಡಾದರೆ ನಾಯಿ ಬರುವ ಮೊದಲೇ ಬಲೆ ಹಾಕುತ್ತಾರೆ.

## ಹಂತ 9: ಮರಿಗಳನ್ನು ನೋಡುವುದು

ಕಾಯುವ ಗೂಡಿನ ಸುತ್ತ ಬಲೆ ಇರುತ್ತದೆ. ಎಷ್ಟೋ ಕಡೆ ತಾರೀಖು, ಮೊಟ್ಟೆಯ ಸಂಖ್ಯೆ ಬರೆದ ಫಲಕವೂ ಇರುತ್ತದೆ. ಮೇಲಿನ ಮರಳು ಬಟ್ಟಲಿನಷ್ಟು ಕುಸಿದರೆ ಮರಿಗಳು ಒಳಗಿನಿಂದ ಮೇಲೇರುತ್ತಿವೆ ಅಂತ ಅರ್ಥ. ಮರಳು ತಣ್ಣಗಾದ ಮೇಲೆ, ಸಾಮಾನ್ಯವಾಗಿ ರಾತ್ರಿ ಅಥವಾ ನಸುಕಿನಲ್ಲಿ, ಒಟ್ಟಿಗೆ ಹೊರಬರುತ್ತವೆ. ಗೂಡಿನ ಮೇಲೆ ನೆರಳಿನ ಪರದೆ ಕಟ್ಟಿದ್ದರೆ ಫೋಟೋಗೆ ಅಡ್ಡ ಅಂತ ಸರಿಸಬೇಡಿ. ಮರಳು ಅತಿಯಾಗಿ ಕಾದರೆ ಮೊಟ್ಟೆ ಕೆಡುತ್ತವೆ. ಗಂಡೋ ಹೆಣ್ಣೋ ಅನ್ನುವುದೂ ಮರಳಿನ ಬಿಸಿಯಿಂದಲೇ ತೀರ್ಮಾನವಾಗುತ್ತದೆ, ಬಿಸಿ ಜಾಸ್ತಿ ಆದರೆ ಹೆಣ್ಣು.

ಮರಿ ಬಿಡುವ ಮೊದಲು ಒಂದು ಕೆಲಸ ನೀವೇ ಮಾಡಬಹುದು. ಗೂಡಿನಿಂದ ನೀರಿನವರೆಗಿನ ಮರಳನ್ನು ಸಪಾಟು ಮಾಡಿ. ನಮ್ಮ ಹೆಜ್ಜೆಯ ಗುಂಡಿ, ಮಕ್ಕಳು ಕಟ್ಟಿದ ಮರಳಿನ ಕೋಟೆ, ಎಲ್ಲ ಮುಚ್ಚಿ. ಅಂಗೈಗಿಂತ ಚಿಕ್ಕ ಮರಿ ಒಂದು ಹೆಜ್ಜೆಗುರುತಿಗೆ ಬಿದ್ದರೆ ಹತ್ತಿ ಬರಲು ಪರದಾಡುತ್ತದೆ, ಅಷ್ಟರಲ್ಲಿ ಏಡಿ ಹಿಡಿಯುತ್ತದೆ. ಇದನ್ನು ಮಕ್ಕಳಿಗೆ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ.

ಆಮೇಲೆ ಎರಡೂ ಕಡೆ ಸಾಲಾಗಿ, ಹಗ್ಗದ ಹೊರಗೆ ಕೂತುಕೊಳ್ಳಿ. ಮರಿಗಳು ತೆರೆದ ದಿಗಂತದ ಬೆಳಕು ನೋಡಿ ದಾರಿ ಹಿಡಿಯುತ್ತವೆ. ಹಿಂದೆ ಒಂದು ಮೊಬೈಲ್ ಟಾರ್ಚ್ ಉರಿದರೂ ಸಾಲು ಆ ಕಡೆ ತಿರುಗುತ್ತದೆ. ಎದ್ದು ಹೋಗುವ ಮೊದಲು ಕಾಲ ಬುಡ ನೋಡಿಕೊಳ್ಳಿ. ನಿಧಾನ ಇರುವ ಮರಿಯನ್ನು ಎತ್ತಿ ನೀರಿಗೆ ಬಿಡಬೇಡಿ, ಮರಳಿನ ಮೇಲೆ ಅದೇ ನಡೆದು ಹೋಗಬೇಕು.

## ಹಂತ 10: ಹಗಲಲ್ಲಿ, ನೀರಿನಲ್ಲಿ

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹಸಿರು ಕಡಲಾಮೆ ಕಾಣಸಿಗುತ್ತವೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಆಮೆ ಕಂಡರೆ ಮೂರು ಮೀಟರ್ ದೂರ ಇರಿ, ಬೆನ್ನಟ್ಟಬೇಡಿ. ಅದು ಉಸಿರಿಗೆ ಮೇಲೆ ಬರಲೇಬೇಕು, ಅದರ ನೆತ್ತಿಯ ಮೇಲೆ ತೇಲುತ್ತಾ ನಿಲ್ಲಬೇಡಿ. ಸಿಲಿಂಡರ್ ಕಟ್ಟಿಕೊಂಡು ಡೈವ್ ಮಾಡಿದವರು ಅವತ್ತೇ ಸಂಜೆ ಊರಿಗೆ ಹೊರಡಬೇಡಿ. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿದೆ. ಡೈವ್ ಆದ ತಕ್ಷಣ ಎತ್ತರಕ್ಕೆ ಹೋದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುವ ಅಪಾಯವಿದೆ. ಒಂದು ರಾತ್ರಿ ಅಲ್ಲೇ ಉಳಿದು ಮರುದಿನ ಘಟ್ಟ ಹತ್ತಿ.

## ಹಂತ 11: ತೊಂದರೆಯಲ್ಲಿರುವ ಆಮೆ ಕಂಡರೆ

ಹಗಲಲ್ಲಿ ದಡಕ್ಕೆ ಬಿದ್ದ, ಗಾಯವಾದ ಅಥವಾ ಬಲೆ ಸುತ್ತಿಕೊಂಡ ದೊಡ್ಡ ಆಮೆಯನ್ನು ಸಮುದ್ರಕ್ಕೆ ತಳ್ಳಬೇಡಿ. ಸುಸ್ತಾದ ಆಮೆ ನೀರಿನಲ್ಲಿ ಮುಳುಗಿ ಸಾಯಬಹುದು. ನೆರಳು ಮಾಡಿ, ಒದ್ದೆ ಬಟ್ಟೆ ಚಿಪ್ಪಿನ ಮೇಲೆ ಹೊದಿಸಿ, ಮೂಗು ಬಾಯಿ ಮುಚ್ಚಬೇಡಿ. ಜನ, ನಾಯಿ ದೂರ ಇರಲಿ. ಮೈಗೆ ಬಿಗಿದ ಬಲೆಯನ್ನು ಎಳೆಯಬೇಡಿ.

ಬಿಸಿಲಿನಲ್ಲಿ ದಾರಿ ತಪ್ಪಿದ ಮರಿ ಸಿಕ್ಕರೆ ನೀರು ತುಂಬಿದ ಬಕೆಟ್‌ಗೆ ಹಾಕಬೇಡಿ, ಈಜಿ ಈಜಿ ಅದರ ಶಕ್ತಿಯೆಲ್ಲ ಅಲ್ಲೇ ಖಾಲಿಯಾಗುತ್ತದೆ. ಮೊದಲು ಫೋನ್ ಮಾಡಿ, ಅವರು ಹೇಳಿದರೆ ತಳಕ್ಕೆ ಒದ್ದೆ ಮರಳು ಹಾಸಿದ ಬಕೆಟ್‌ನಲ್ಲಿ ನೆರಳಿಗೆ ಇಡಿ.

ಫೋನ್ 1926ಕ್ಕೆ, ಅಥವಾ 3ನೇ ಹಂತದಲ್ಲಿ ಮಾತಾಡಿದ ವಲಯ ಕಚೇರಿಗೆ. ತೀರದ ಹೆಸರು, ಹತ್ತಿರದ ಗುಡಿ ಅಥವಾ ಬಂದರಿನ ಗುರುತು, ಆಮೆ ಜೀವಂತ ಇದೆಯೋ ಇಲ್ಲವೋ, ಎಷ್ಟು ಉದ್ದ, ಗಾಯ ಎಲ್ಲಿ, ಇಷ್ಟು ಹೇಳಿ. ಮೊಬೈಲ್‌ನಿಂದ ಲೊಕೇಶನ್ ಕಳಿಸಿ, ಅವರು ಬರುವವರೆಗೆ ಒಬ್ಬರಾದರೂ ಅಲ್ಲೇ ಇರಿ.